ಉಪ್ಪುನೀರಿನ ಗದ್ದೆ, ಕಗ್ಗ ಭತ್ತ

ಸಮುದ್ರದ ನೀರಲ್ಲೇ ಭತ್ತ ಬೆಳೆದ್ರಂತೆ ಅಂತ ಚೀನಾದ ಸುದ್ದಿ ಆಗಾಗ ಓಡಾಡ್ತಿರುತ್ತೆ. ಆದ್ರೆ 2017ರಲ್ಲಿ ಚಿಂಗ್ಡಾವ್‌ನಲ್ಲಿ ಹೈಬ್ರಿಡ್ ಭತ್ತದ ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ ಅವರ ತಂಡ ಗದ್ದೆಗೆ ಬಿಟ್ಟಿದ್ದು ಸಿಹಿನೀರು ಬೆರೆಸಿ ತೆಳು ಮಾಡಿದ ಸಮುದ್ರದ ನೀರು, ಲೀಟರಿಗೆ 6 ಗ್ರಾಂ ಆಸುಪಾಸು ಉಪ್ಪು ಇದ್ದಿದ್ದು, ನಿಜವಾದ ಸಮುದ್ರದಲ್ಲಿ ಸುಮಾರು 35 ಗ್ರಾಂ ಇರುತ್ತೆ. ಆ 35 ಗ್ರಾಮಲ್ಲಿ ಬಿತ್ತನೆಯಿಂದ ಕೊಯ್ಲಿನ ತನಕ ಬದುಕೋ ಭತ್ತ ಇನ್ನೂ ಬಂದಿಲ್ಲ.

ನಂಗೆ ಇದಕ್ಕಿಂತ ದೊಡ್ಡ ವಿಷ್ಯ ಅನ್ಸೋದು ಕುಮಟಾದ ಕಗ್ಗ. ಅಘನಾಶಿನಿ ಅಳಿವೆ ಅಕ್ಕಪಕ್ಕ, ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ (ಅಳಿವೆ ಪಕ್ಕದ ತಗ್ಗಿನ ಉಪ್ಪುನೆಲ) ರೈತರು ತಲೆಮಾರುಗಳಿಂದ ಬೆಳ್ಕೊಂಡು ಬಂದಿರೋ ಕೆಂಪಕ್ಕಿ. ಬೇಸಿಗೇಲಿ ಈ ನೆಲ ಪೂರ್ತಿ ಉಪ್ಪು, ಜೂನ್ ಮಳೆ ಬಂದು ಮೇಲಿನ ಉಪ್ಪು ತೊಳೆದು ಹೋದ್ಮೇಲೇ ಸಸಿ ಬೇರು ಬಿಡೋದು, ಯಾಕಂದ್ರೆ ಭತ್ತಕ್ಕೆ ಉಪ್ಪು ಜಾಸ್ತಿ ಹೊಡೆಯೋದು ಎಳೆ ಸಸಿ ಇದ್ದಾಗ ಮತ್ತೆ ಹೂ ಬಿಡುವಾಗ. ಪೈರು ಎತ್ತರ ಬೆಳೆಯುತ್ತೆ, ನೆರೆ ನೀರು ನಿಂತ್ರೂ ತಡ್ಕೊಳ್ಳುತ್ತೆ, ರಾಸಾಯನಿಕ ಗೊಬ್ಬರ ಕೇಳಲ್ಲ. ಕೊಯ್ಲಾದ್ಮೇಲೆ ಕಟ್ಟೆಯ ಗೇಟು ತೆಗೆದು ಉಪ್ಪುನೀರು ಒಳಗೆ ಬಿಡ್ತಾರೆ, ಉಳಿದ ಕೂಳೆ ಕೊಳೆತು ಮೀನು ಸಿಗಡಿಗೆ ಮೇವಾಗುತ್ತೆ, ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರ.

ಗಿಡದ ಒಳಗೆ ಏನಾಗುತ್ತೆ ಅಂದ್ರೆ, ನೀರಿನ ಜೊತೆ ಸೋಡಿಯಂ ಬೇರಿಗೆ ನುಗ್ಗುತ್ತೆ, ಎಲೆ ತಲುಪಿದ್ರೆ ಪೊಟ್ಯಾಸಿಯಂ ಜಾಗ ಕಿತ್ಕೊಂಡು ಜೀವಕೋಶದ ಕೆಲಸಾನೇ ಕೆಡಿಸುತ್ತೆ. ಭತ್ತದಲ್ಲಿ ಎಚ್‌ಕೆಟಿ1;5 ಅನ್ನೋ ಜೀನ್ ಇದೆ, ಅದು ತಯಾರಿಸೋ ಪ್ರೋಟೀನು ಮೇಲಕ್ಕೆ ಹೋಗ್ತಿರೋ ರಸದಿಂದ ಸೋಡಿಯಂ ಹಿಡಿದು ಬೇರಲ್ಲೇ ಉಳಿಸುತ್ತೆ. ಕೇರಳದ ಪೊಕ್ಕಾಳಿ ಭತ್ತದಲ್ಲಿ ಈ ಜೀನ್ ಇರೋ ಸಾಲ್ಟಾಲ್ ಅನ್ನೋ ಡಿಎನ್‌ಎ ತುಣುಕನ್ನ ಗುರುತಿಸಿ, ಬೇರೆ ತಳಿಗಳಿಗೆ ಸೇರಿಸೋ ಕೆಲ್ಸ ವರ್ಷಗಳಿಂದ ನಡೀತಿದೆ. ಒಳ್ಳೇದೇ, ಆದ್ರೆ ಜೀನ್ ಒಂದೇ ಸಾಕಾಗಲ್ಲ.

ಕಗ್ಗ ಉಳಿದಿರೋದು ಕಟ್ಟೆಯನ್ನ ನಂಬ್ಕೊಂಡು. ಭರತದ (ಸಮುದ್ರದ ಉಬ್ಬರದ) ನೀರು ತಡೆಯೋ ಈ ಒಡ್ಡು ಒಂದು ಕಡೆ ಒಡೆದ್ರೆ ಎಷ್ಟೋ ಜನರ ಗದ್ದೆಗೆ ಹೊತ್ತಲ್ಲದ ಹೊತ್ತಲ್ಲಿ ಉಪ್ಪು ನುಗ್ಗುತ್ತೆ, ಹಾಗಾಗಿ ಊರವರೆಲ್ಲ ಸೇರಿ ರಿಪೇರಿ ಮಾಡ್ಬೇಕು, ಗೇಟು ಯಾವಾಗ ತೆಗೀಬೇಕು ಮುಚ್ಚಬೇಕು ಅನ್ನೋದ್ರಲ್ಲೂ ಒಮ್ಮತ ಇರ್ಬೇಕು. ಸಿಗಡಿಯಲ್ಲಿ ದುಡ್ಡು ಜಾಸ್ತಿ ಅಂತ ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಗಜನೀಲಿ ಕಗ್ಗ ಬಿತ್ತೋಕೇ ಆಗಲ್ಲ, ಬಿತ್ತದೇ ಇಟ್ಟ ಬೀಜ ಒಂದೆರಡು ವರ್ಷದಲ್ಲಿ ಮೊಳಕೆ ಶಕ್ತಿ ಕಳ್ಕೊಳ್ತಾ ಹೋಗುತ್ತೆ. ಅದಕ್ಕೇ ಈ ಬೀಜ ಪ್ರತಿ ಮಳೆಗಾಲ ಗದ್ದೆಗೆ ಬೀಳ್ಲೇಬೇಕು, ಬೆಳೆಯೋರಿಗೆ ಸಿಗಡಿಗೆ ಸರಿಸಮ ಅಲ್ದಿದ್ರೂ ಕಟ್ಟೆ ಖರ್ಚಾದ್ರೂ ಹುಟ್ಟೋ ಹಾಗೆ ಬೆಲೆ ಸಿಗ್ಬೇಕು.