ಸಬ್‌ಟೈಟಲ್ ಇದ್ದರೂ ‘ಡೋಂಟ್ ಲೂಸ್ ಯುವರ್ ಹೆಡ್’ ನಗಿಸಲಿಲ್ಲವೇಕೆ?

ಪ್ರಶ್ನೆ: ಫ್ರೆಂಚ್ ಕ್ರಾಂತಿಯ ಕಾಲದ ಈ ಹಾಸ್ಯಚಿತ್ರವನ್ನು ಬ್ರಿಟಿಷರು ಬಿದ್ದು ಬಿದ್ದು ನಗುತ್ತಾ ನೋಡುತ್ತಾರಂತೆ. ನಾನು ಸಬ್‌ಟೈಟಲ್ ಹಾಕಿಕೊಂಡು ನೋಡಿದೆ. ಕಥೆ ಅರ್ಥವಾಯಿತು, ಅರ್ಧಕ್ಕರ್ಧ ಜೋಕು ತಲೆಗೆ ಹತ್ತಲಿಲ್ಲ. ಏನು ತಪ್ಪಿತು?

ಉತ್ತರ: ತಪ್ಪಿದ್ದು ಹೆಸರುಗಳಲ್ಲಿ. ಸಬ್‌ಟೈಟಲ್ ಮಾತನ್ನು ಬಿಡಿಸಿ ಹೇಳುತ್ತದೆ, ಅಂಕಿತನಾಮವನ್ನು ಹಾಗೇ ದಾಟಿಸಿಬಿಡುತ್ತದೆ. ಈ ಚಿತ್ರದ ಬರಹಗಾರ ಟಾಲ್ಬಟ್ ರಾಥ್‌ವೆಲ್ ತನ್ನ ಸರಕನ್ನೆಲ್ಲ ತುಂಬಿಟ್ಟಿರುವುದೇ ಅಲ್ಲಿ.

ಶೀರ್ಷಿಕೆಯಿಂದಲೇ ಶುರು. ಇಂಗ್ಲಿಷಿನಲ್ಲಿ ಅದರ ಅರ್ಥ ‘ಗಾಬರಿಬೀಳಬೇಡ’. ಪಕ್ಕದಲ್ಲಿ ತಲೆ ಕತ್ತರಿಸುವ ಯಂತ್ರ ಗಿಲೊಟಿನ್ ನಿಂತಿರುವಾಗ ಅದೇ ಮಾತು ‘ತಲೆ ಕಳ್ಕೋಬೇಡ’ ಆಗುತ್ತದೆ. ನಾಯಕನ ಶತ್ರುವಿನ ಹೆಸರು ಸಿಟಿಜನ್ ಕಾಮಂಬೇರ್. ಅದು ಗಬ್ಬುನಾತದ ಫ್ರೆಂಚ್ ಚೀಸ್. ಇಂಗ್ಲಿಷರ ಆಡುಮಾತಿನಲ್ಲಿ ‘ಬಿಗ್ ಚೀಸ್’ ಎಂದರೆ ದೊಡ್ಡ ಸಾಹೇಬ, ಈತನೋ ಗುಪ್ತ ಪೊಲೀಸರ ಮುಖ್ಯಸ್ಥ. ಅವನ ಬಾಲಂಗೋಚಿ ಸಿಟಿಜನ್ ಬಿಡೆ. ಬಿಡೆ ಎಂದರೆ ಶೌಚದ ಬಳಿಕ ತೊಳೆದುಕೊಳ್ಳುವ ಬಾನಿ. ಕ್ರಾಂತಿಕಾರರು ‘ಮಸ್ಯೂ’ (ಶ್ರೀಮಾನ್) ಎನ್ನುವುದನ್ನು ಬಿಟ್ಟು ಒಬ್ಬರನ್ನೊಬ್ಬರು ‘ನಾಗರಿಕ’ ಎಂದೇ ಕರೆಯುತ್ತಿದ್ದರು, ಅದು ನಿಜದ ಇತಿಹಾಸ. ಅಂಥ ಗಂಭೀರ ಬಿರುದಿನ ಹಿಂದೆ ಬಾನಿ! ನಮ್ಮಲ್ಲಿ ದರ್ಪದ ಕೊತ್ವಾಲನಿಗೆ ತಂಬಿಗೆರಾಯ ಎಂದು ಹೆಸರಿಟ್ಟ ಹಾಗೆ. ಡ್ಯೂಕ್ ಪಾಮ್‌ಫ್ರಿಟ್ ಅಂತೂ ಕರಿದ ಆಲೂಗಡ್ಡೆ.

ನಾಯಕ ಸರ್ ರಾಡ್ನಿಯ ಮನೆತನದ ಹೆಸರು ‘ffing’. ಕಣ್ಣಿನಿಂದ ಓದಿದರೆ ಏನೂ ಇಲ್ಲ, ಕಿವಿಯಿಂದ ಕೇಳಬೇಕು. ಎರಡು ಸಣ್ಣ ‘ಎಫ್’ನಿಂದ ಶುರುವಾಗುವ ಹಳೇ ಮನೆತನಗಳು ಇಂಗ್ಲೆಂಡಿನಲ್ಲಿ ಉಂಟು. ಆ ಠೀವಿಯನ್ನೇ ಹಿಡಿದು ಇವನ ಹೆಸರನ್ನು ‘ಎಫಿಂಗ್’ ಎಂದು ಉಚ್ಚರಿಸಿದರೆ, ಹಲ್ಲು ಕಚ್ಚಿ ನುಂಗಿಕೊಂಡ, ‘ಎಫ್’ ಅಕ್ಷರದ ಇಂಗ್ಲಿಷ್ ಬೈಗುಳ. ಚಿತ್ರದ ಅತಿ ಜಾಣ ಜೋಕು ಇದೇ ಎನ್ನಬಹುದು.

ಇನ್ನು ಮೂಲಕಥೆ ಗೊತ್ತಿಲ್ಲದಿದ್ದರೆ ಅಣಕ ಅಣಕವೆಂದೇ ತಿಳಿಯುವುದಿಲ್ಲ. ಬ್ಯಾರನೆಸ್ ಆರ್ಕ್ಸಿಯ 1905ರ ಕಾದಂಬರಿ ‘ದ ಸ್ಕಾರ್ಲೆಟ್ ಪಿಂಪರ್ನೆಲ್’ನಲ್ಲಿ ಇಂಗ್ಲಿಷ್ ಶ್ರೀಮಂತನೊಬ್ಬ ಊರಿಗೆಲ್ಲ ಶೋಕಿಲಾಲನಾಗಿ ಕಾಣಿಸಿಕೊಳ್ಳುತ್ತಾನೆ, ಗುಟ್ಟಾಗಿ ಫ್ರೆಂಚ್ ಸಿರಿವಂತರನ್ನು ಗಿಲೊಟಿನ್ನಿನಿಂದ ಪಾರುಮಾಡುತ್ತಾನೆ. ಅವನ ಗುರುತು ಪುಟ್ಟ ಕೆಂಪು ಹೂವು. ಇಲ್ಲಿ ಹೂವು ಹೋಗಿ ‘ಕಪ್ಪು ಉಗುರು’ ಬಂದಿದೆ. ಲೇಸ್ ಅಂಚಿನ ಬಟ್ಟೆ, ಪುಡಿ ಹಚ್ಚಿದ ವಿಗ್ ತೊಟ್ಟು ನಾಜೂಕು ನಟಿಸುವವನು ಸಿಡ್ ಜೇಮ್ಸ್: ಸುಕ್ಕುಗಟ್ಟಿದ ಮುಖ, ಪೋಲಿ ನಗು. ಬ್ರಿಟಿಷ್ ಪ್ರೇಕ್ಷಕರಿಗೆ ಅವನು ಬಾಯಿ ತೆರೆಯುವ ಮೊದಲೇ ನಗು ಬರಲು ಅಷ್ಟು ಸಾಕು.

ಹುಡುಕುವಾಗ ಎರಡು ಹೆಸರಿನಲ್ಲೂ ಹುಡುಕಿ. ಇದು ‘ಕ್ಯಾರಿ ಆನ್’ ಎಂಬ ಬ್ರಿಟಿಷ್ ಹಾಸ್ಯಚಿತ್ರ ಸರಣಿಗೆ ಸೇರಿದ್ದು. ಸರಣಿಯ ಮೊದಲ 12 ಚಿತ್ರಗಳ ವಿತರಕರು ಆಂಗ್ಲೋ-ಅಮಾಲ್ಗಮೇಟೆಡ್. ಈ 13ನೆಯದು ರ‍್ಯಾಂಕ್ ಸಂಸ್ಥೆಗೆ ಬಂದಾಗ ‘ಕ್ಯಾರಿ ಆನ್’ ಎಂಬ ಪೂರ್ವಪದ ಬಿಟ್ಟುಹೋಯಿತು, ಆಮೇಲೆ ಸೇರಿಕೊಂಡಿತು. ನಿರ್ದೇಶಕ ಜೆರಾಲ್ಡ್ ಥಾಮಸ್, ನಿರ್ಮಾಪಕ ಪೀಟರ್ ರಾಜರ್ಸ್ ಮಾತ್ರ ಬದಲಾಗಲಿಲ್ಲ.

ಭಾಷೆಯ ಹಂಗಿಲ್ಲದ ನಗೆಯೂ ಇದೆ. ಪಾಮ್‌ಫ್ರಿಟ್ ಗಿಲೊಟಿನ್ನಿಗೆ ಕತ್ತು ಕೊಟ್ಟೂ ಪುಸ್ತಕ ಓದುತ್ತಿರುತ್ತಾನೆ. ತುರ್ತು ಪತ್ರ ಬರುತ್ತದೆ. ತಲೆ ಬೀಳುವ ಬುಟ್ಟಿಗೆ ಹಾಕು, ಆಮೇಲೆ ಓದುತ್ತೇನೆ ಎನ್ನುತ್ತಾನೆ. ಕೊನೆಯ ಕತ್ತಿವರಸೆಯಲ್ಲಿ ಮಹಲಿನ ಸಾಮಾನೆಲ್ಲ ಪುಡಿಪುಡಿ. ಅಲ್ಲಿ ಸಬ್‌ಟೈಟಲ್ ಆರಿಸಿಬಿಟ್ಟರೂ ನಷ್ಟವಿಲ್ಲ.