ಸಿಂಗಲ್ ಕ್ರೋಶೆ: ಸಾಲು ತಿರುಗುವಾಗ ಕಳೆದುಹೋಗುವ ಆ ಒಂದು ಹೊಲಿಗೆ

ನನ್ನ ಮುಂದೆ ಈಗ ಕ್ರೋಶೆಯಲ್ಲಿ, ಅಂದರೆ ತುದಿಗೆ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ದಾರ ಹೆಣೆಯುವ ಕೆಲಸದಲ್ಲಿ, ಗಿಡ್ಡ ಹೊಲಿಗೆಯಾದ ಸಿಂಗಲ್ ಕ್ರೋಶೆಯಿಂದ ಮಾಡಿದ ಎರಡು ತುಂಡುಗಳಿವೆ. ಮೊದಲನೆಯದು 20 ಹೊಲಿಗೆಗಳಿಂದ ಆರಂಭವಾಗಿ, ಪ್ರತಿ ಸಾಲಿಗೂ ಒಂದೊಂದನ್ನು ಕಳೆದುಕೊಳ್ಳುತ್ತ, ಒಂಬತ್ತನೆಯ ಸಾಲಿನ ಹೊತ್ತಿಗೆ 12ಕ್ಕೆ ಇಳಿದು ಗೋಪುರದ ಆಕಾರ ತಾಳಿದೆ. ಎರಡನೆಯದರಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ 20 ಹೊಲಿಗೆಗಳು ನಿಂತಿವೆ. ಇವೆರಡರ ನಡುವೆ ತೀರ್ಥಹಳ್ಳಿಯ ಮಳೆಗಾಲದ ಮೂರು ವಾರಗಳು ಕಳೆದಿವೆ. ಆ ಮೂರು ವಾರಗಳಲ್ಲಿ ಅರ್ಥವಾದದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇದೇ ಜಾಗದಲ್ಲಿ ತಡವರಿಸುತ್ತಿರುವ ಇತರರಿಗೂ ಇದು ಉಪಯೋಗವಾಗಲಿ ಎಂಬುದು ನನ್ನ ಆಸೆ.

ದಾರ ಮತ್ತು ಕಡ್ಡಿ

ನಾನು ಮೊದಲು ಶಿವಮೊಗ್ಗದ ಗಾಂಧಿ ಬಜಾರಿನಿಂದ ಕಡುನೀಲಿ ಬಣ್ಣದ ಉಲ್ಲನ್ ದಾರ ತಂದಿದ್ದೆ. ಕಲಿಯುವವರು ಈ ಆಯ್ಕೆಯನ್ನು ಮಾಡಬಾರದು. ಆಷಾಢದ ಮೋಡದಲ್ಲಿ ಮಧ್ಯಾಹ್ನವೇ ಮನೆಯೊಳಗೆ ಮಬ್ಬು ಕವಿಯುತ್ತದೆ, ಕರೆಂಟು ಹೋದರೆ ಕಿಟಕಿಯ ಬೆಳಕೇ ಗತಿ. ಅಂಥ ಬೆಳಕಿನಲ್ಲಿ ಕಡುಬಣ್ಣದ ಹೊಲಿಗೆಯ ಎಳೆಗಳನ್ನು ಬೇರ್ಪಡಿಸಿ ನೋಡುವುದು ಕಷ್ಟ. ತಿಳಿ ಹಳದಿ ದಾರಕ್ಕೆ ಬದಲಾಯಿಸಿದ ದಿನವೇ ನನ್ನ ಅರ್ಧ ತೊಂದರೆ ಕಣ್ಣಿಗೆ ಬಿತ್ತು. ಮಧ್ಯಮ ದಪ್ಪದ ದಾರಕ್ಕೆ 4 ಮಿಲಿಮೀಟರಿನ ಅಲ್ಯೂಮಿನಿಯಂ ಕಡ್ಡಿ ಸಾಕು. ಕೈ ಬಿಗಿಯಾಗಿದ್ದರೆ 5 ಮಿಲಿಮೀಟರಿನದು ಒಳ್ಳೆಯದು. ತೆಳುವಾದ ನೂಲಿನ ಕೆಲಸಕ್ಕೆ ಬಳಸುವ ಉಕ್ಕಿನ ಕಡ್ಡಿಗಳ ಮೇಲೆ ಹಳೆಯ ಕ್ರಮದ ಸಂಖ್ಯೆಗಳಿದ್ದರೆ, ಸಂಖ್ಯೆ ದೊಡ್ಡದಾದಷ್ಟೂ ಕಡ್ಡಿ ಸಣ್ಣದೆಂದು ತಿಳಿಯಬೇಕು. ಆದ್ದರಿಂದ ಅಂಗಡಿಯಲ್ಲಿ ಮಿಲಿಮೀಟರಿನ ಅಳತೆಯನ್ನೇ ಕೇಳುವುದು ಕ್ಷೇಮ.

ಮೊದಲ ಸಾಲು

ದಾರವನ್ನು ಕಡ್ಡಿಗೆ ಸಿಕ್ಕಿಸುವ ಜಾರುಗಂಟು ಮತ್ತು ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿ ನನಗೆ ಬೇಗ ಬಂದವು, ಹಾಗಾಗಿ ಅವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 20 ಹೊಲಿಗೆ ಬೇಕಾದರೆ 21 ಸರಪಳಿ ಹಾಕಬೇಕು. ಜಾರುಗಂಟನ್ನಾಗಲಿ ಕಡ್ಡಿಯ ಮೇಲಿರುವ ಕುಣಿಕೆಯನ್ನಾಗಲಿ ಎಣಿಸಬಾರದು. ಕಡ್ಡಿಯಿಂದ ಎರಡನೆಯ ಸರಪಳಿಯೊಳಗೆ ಕಡ್ಡಿ ತೂರಿಸಿ, ದಾರ ಸುತ್ತಿ, ಹೊರಗೆಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೊಮ್ಮೆ ದಾರ ಸುತ್ತಿ ಎರಡರೊಳಗಿಂದಲೂ ಎಳೆದರೆ ಒಂದು ಸಿಂಗಲ್ ಕ್ರೋಶೆ ಮುಗಿಯಿತು. ಕ್ರೋಶೆ ಎಂಬ ಫ್ರೆಂಚ್ ಮಾತಿಗೆ ಸಣ್ಣ ಕೊಕ್ಕೆ ಎಂದೇ ಅರ್ಥ. ದೋಟಿಯ ತುದಿಗೆ ಕೊಕ್ಕೆ ಕಟ್ಟಿ ಹಣ್ಣು ಎಳೆಯುವಾಗ ನಾವು ಕೊಕ್ಕೆಯ ಬಾಯಿಯನ್ನು ಎಳೆಯುವ ದಿಕ್ಕಿಗೆ ತಿರುಗಿಸಿಕೊಳ್ಳುವುದಿಲ್ಲವೇ, ಇಲ್ಲಿಯೂ ದಾರ ಎಳೆಯುವ ಕ್ಷಣದಲ್ಲಿ ಕಡ್ಡಿಯ ಬಾಯಿಯನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿಕೊಂಡರೆ ಅದು ಕುಣಿಕೆಗೆ ಸಿಕ್ಕಿಕೊಳ್ಳದೆ ಸಲೀಸಾಗಿ ಹೊರಬರುತ್ತದೆ.

ತಿರುಗುವ ಜಾಗ

ನನ್ನ ತೊಡಕು ಇರುವುದೆಲ್ಲ ಇಲ್ಲಿಯೇ. ಮೊದಲ ಸಾಲು ಮುಗಿದ ಮೇಲೆ ಒಂದು ಸರಪಳಿ ಹಾಕಿ ತುಂಡನ್ನು ತಿರುಗಿಸಬೇಕು. ಮುಂದಿನ ಸಾಲಿನ ಮೊದಲ ಹೊಲಿಗೆ ಎಲ್ಲಿ ಬೀಳಬೇಕು?

ನಾನು ಮೊದಲನೆಯದನ್ನು ಬಿಟ್ಟು ಎರಡನೆಯದರಲ್ಲಿ ಹಾಕುತ್ತಿದ್ದೆ. ಹಾಗೆ ಮಾಡಲು ನನಗೆ ಕಾರಣವೂ ಇತ್ತು. ನಮ್ಮ ದೊಡ್ಡಮ್ಮ ಬಿಳಿ ನೂಲಿನಲ್ಲಿ ಬಾಗಿಲ ತೋರಣ, ಹಾಲಿನ ಪಾತ್ರೆ ಮುಚ್ಚುವ ಮಣಿ ಕಟ್ಟಿದ ಬಲೆ ಮುಂತಾದವನ್ನು ಹೆಣೆದವರು. ಅವರ ಕೆಲಸದಲ್ಲಿ ಹೆಚ್ಚಾಗಿ ಬರುವುದು ಎತ್ತರದ ಹೊಲಿಗೆ. ಅದನ್ನು ಅವರು ಕಂಬ ಎನ್ನುತ್ತಾರೆ. ಫೋನಿನಲ್ಲಿ ಕೇಳಿದಾಗ ಅವರು, “ತಿರುಗಿದ ಮೇಲೆ ಮೊದಲನೇದು ಬಿಟ್ಟು ಹಾಕು ಮಾರಾಯ್ತಿ, ಸರಪಳಿಯೇ ಒಂದು ಕಂಬ ಆಯ್ತಲ್ಲ” ಎಂದರು. ಅವರು ಹೇಳಿದ್ದು ಸರಿ, ಆದರೆ ಅದು ಕಂಬಕ್ಕೆ ಸಲ್ಲುವ ಮಾತು. ಕಂಬಕ್ಕೆ ತಿರುಗುವಾಗ ಮೂರು ಸರಪಳಿ ಹಾಕುತ್ತಾರೆ. ಆ ಮೂರೂ ಸೇರಿ ಒಂದು ಕಂಬದಷ್ಟು ಎತ್ತರವಾಗಿ, ಕಂಬದಂತೆಯೇ ನಿಲ್ಲುವುದರಿಂದ ಅವನ್ನು ಒಂದು ಹೊಲಿಗೆಯೆಂದು ಎಣಿಸಲಾಗುತ್ತದೆ. ಸಿಂಗಲ್ ಕ್ರೋಶೆಯ ಗಿಡ್ಡ ಸಾಲಿಗೆ ಹಾಕುವುದು ಒಂದೇ ಸರಪಳಿ. ಅದು ಕಡ್ಡಿಯನ್ನು ಮುಂದಿನ ಸಾಲಿನ ಎತ್ತರಕ್ಕೆ ಏರಿಸುತ್ತದೆಯೇ ಹೊರತು ಹೊಲಿಗೆಯ ಸ್ಥಾನವನ್ನು ತುಂಬುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಅದನ್ನು ಎಣಿಸುವುದಿಲ್ಲ. ಎಣಿಸದ ಮೇಲೆ ಮೊದಲ ಹೊಲಿಗೆಯನ್ನು ಬಿಡುವಂತೆಯೂ ಇಲ್ಲ. ನಾನು ಒಂದರ ನಿಯಮವನ್ನು ಇನ್ನೊಂದಕ್ಕೆ ಅಂಟಿಸಿದ್ದೆ.

ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಲು ನಾನು ನಾಲ್ಕು ಸಣ್ಣ ತುಂಡುಗಳನ್ನು ಬೇಕೆಂದೇ ನಾಲ್ಕು ರೀತಿಯಲ್ಲಿ ಹೆಣೆದು ನೋಡಿದೆ. ಮೊದಲ ಹೊಲಿಗೆಯಲ್ಲಿ ಹಾಕಿ, ಸಾಲಿನ ಕೊನೆಗೆ ಬಂದಾಗ ಹಿಂದಿನ ಸಾಲಿನ ತಿರುಗು ಸರಪಳಿಯನ್ನು ಮುಟ್ಟದೆ ಬಿಟ್ಟರೆ 20 ಹೊಲಿಗೆ 20 ಆಗಿಯೇ ಉಳಿಯುತ್ತದೆ. ಮೊದಲನೆಯದನ್ನು ಬಿಟ್ಟು, ಕೊನೆಯ ಸರಪಳಿಯನ್ನೂ ಬಿಟ್ಟರೆ 19 ಆಗುತ್ತದೆ. ನನ್ನ ಗೋಪುರ ಹುಟ್ಟಿದ್ದು ಹೀಗೆ. ಮೊದಲನೆಯದರಲ್ಲೂ ಹಾಕಿ, ಕೊನೆಯ ಸರಪಳಿಯಲ್ಲೂ ಹಾಕಿದರೆ 21 ಆಗಿ ತುಂಡು ಬೀಸಣಿಗೆಯಂತೆ ಅಗಲವಾಗುತ್ತದೆ. ಮೊದಲನೆಯದನ್ನು ಬಿಟ್ಟು ಕೊನೆಯ ಸರಪಳಿಯಲ್ಲಿ ಹಾಕಿದರೆ ಲೆಕ್ಕ 20ಕ್ಕೇ ನಿಲ್ಲುತ್ತದೆ, ಆದರೆ ಎರಡೂ ಅಂಚುಗಳಲ್ಲಿ ಸಣ್ಣ ಕಿಂಡಿಗಳು ಕಾಣುತ್ತವೆ. ಈ ನಾಲ್ಕನೆಯದು ನನ್ನನ್ನು ಒಂದು ಇಡೀ ಸಂಜೆ ಗೊಂದಲದಲ್ಲಿಟ್ಟಿತ್ತು, ಏಕೆಂದರೆ ಲೆಕ್ಕ ಸರಿಯಿದ್ದೂ ಅಂಚು ಸರಿಯಿರಲಿಲ್ಲ.

ತುಂಡು ಕಿರಿದಾಗುವುದಕ್ಕೂ ಬುಡ ಬಿಗಿಯುವುದಕ್ಕೂ ವ್ಯತ್ಯಾಸವಿದೆ. ಬುಡ ಮಾತ್ರ ಕುಗ್ಗಿ ಮೇಲಿನ ಸಾಲುಗಳೆಲ್ಲ ಒಂದೇ ಅಗಲಕ್ಕಿದ್ದರೆ ಮೊದಲ ಸರಪಳಿ ಬಿಗಿಯಾಗಿದೆ ಎಂದರ್ಥ. ಸರಪಳಿಯನ್ನಷ್ಟೇ ಒಂದು ಅಳತೆ ದೊಡ್ಡ ಕಡ್ಡಿಯಲ್ಲಿ ಹಾಕಿದರೆ ಅದು ಸರಿಹೋಗುತ್ತದೆ. ಮೇಲೇರಿದಂತೆ ಕಿರಿದಾಗುತ್ತಿದ್ದರೆ ಮಾತ್ರ ಹೊಲಿಗೆ ಕಳೆದುಹೋಗುತ್ತಿದೆ.

ಪಿನ್ನಿನ ಉಪಾಯ

ನಿಯಮ ತಿಳಿದ ಮೇಲೂ ನನ್ನ ಲೆಕ್ಕ ಎರಡು ದಿನ 19ಕ್ಕೇ ಬರುತ್ತಿತ್ತು. ಆಗ ಕಳೆದುಹೋಗುತ್ತಿದ್ದುದು ಸಾಲಿನ ಕೊನೆಯ ಹೊಲಿಗೆ. ಮುಗಿದ ಪ್ರತಿ ಹೊಲಿಗೆಯನ್ನೂ ಮೇಲಿನಿಂದ ನೋಡಿದರೆ ಎರಡು ಎಳೆಗಳು ಜಡೆಯ ಹೆಣಿಗೆಯಂತೆ ಒಂದು ತುದಿಯಲ್ಲಿ ಕೂಡಿ ಇನ್ನೊಂದು ತುದಿಯಲ್ಲಿ ಅಗಲುತ್ತವೆ. ಕಡ್ಡಿ ಹೋಗಬೇಕಾದದ್ದು ಆ ಎರಡೂ ಎಳೆಗಳ ಅಡಿಯಲ್ಲಿ. ಸಾಲಿನ ನಡುವೆ ಇವು ಅಚ್ಚುಕಟ್ಟಾಗಿ ಮಲಗಿರುತ್ತವೆ. ಆದರೆ ಅಂಚಿನ ಹೊಲಿಗೆಯನ್ನು ತಿರುಗು ಸರಪಳಿ ಪಕ್ಕಕ್ಕೆ ಎಳೆದುಕೊಂಡಿರುವುದರಿಂದ ಅದು ಓರೆಯಾಗಿ, ಬಿಗಿದುಕೊಂಡು, ಬರಿಯ ಗಂಟಿನಂತೆ ಕಾಣುತ್ತದೆ. ಸಾಲು ಮುಗಿಯಿತೆಂದುಕೊಂಡು ತಿರುಗಿಸಿಬಿಡುತ್ತೇವೆ.

ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಸೀರೆಯ ಸೆರಗಿಗೆ ಹಾಕುವ ಸಾಧಾರಣ ಪಿನ್ನು. ಪ್ರತಿ ಸಾಲಿನ ಮೊದಲ ಹೊಲಿಗೆ ಹಾಕಿದ ಕೂಡಲೇ, ಎರಡನೆಯದನ್ನು ಹಾಕುವ ಮೊದಲೇ, ಅದರ ಮೇಲಿನ ಎರಡೂ ಎಳೆಗಳ ಅಡಿಯಲ್ಲಿ ಪಿನ್ನು ಹಾಕಬೇಕು. ಮುಂದಿನ ಸಾಲಿನಲ್ಲಿ ನಾವು ಎದುರು ದಿಕ್ಕಿನಿಂದ ಮರಳಿ ಬರುವುದರಿಂದ ಅದೇ ಹೊಲಿಗೆ ಈಗ ಕೊನೆಯದಾಗಿರುತ್ತದೆ, ಪಿನ್ನು ಅದನ್ನು ತೋರಿಸುತ್ತ ಕಾದಿರುತ್ತದೆ. ಪಿನ್ನು ತೆಗೆದು ಆ ತೂತಿನಲ್ಲೇ ಕೊನೆಯ ಹೊಲಿಗೆ ಹಾಕಿದರೆ ಸಾಲು ನಿಜವಾಗಿ ಮುಗಿದಂತೆ. ಪಿನ್ನಿನ ಆಚೆ ಕಾಣುವ ಸಣ್ಣ ಗಂಟು ತಿರುಗು ಸರಪಳಿ, ಅದನ್ನು ಬಿಟ್ಟುಬಿಡಬೇಕು. ಪ್ರತಿ ಸಾಲಿನ 20 ಹೊಲಿಗೆಗಳನ್ನು ಎಣಿಸುವುದಕ್ಕಿಂತ ಇದು ಹೆಚ್ಚು ನೆಚ್ಚುವಂಥದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಎಣಿಕೆ ಹೊಲಿಗೆ ಕಡಿಮೆಯಾಗಿದೆ ಎಂದಷ್ಟೇ ಹೇಳುತ್ತದೆ, ಎಲ್ಲಿ ಕಡಿಮೆಯಾಯಿತು ಎಂಬುದನ್ನು ಹೇಳುವುದಿಲ್ಲ. ಒಂದು ಎಚ್ಚರಿಕೆ: ನಮ್ಮ ಮಳೆಗಾಲದ ತೇವಕ್ಕೆ ಕಬ್ಬಿಣದ ಪಿನ್ನು ತುಕ್ಕು ಹಿಡಿದು ತಿಳಿಬಣ್ಣದ ದಾರದ ಮೇಲೆ ಕಲೆ ಬಿಡಬಹುದು. ರಾತ್ರಿ ಕೆಲಸ ನಿಲ್ಲಿಸುವಾಗ ಅದನ್ನು ತೆಗೆದು, ಆ ಜಾಗದಲ್ಲಿ ಬೇರೆ ಬಣ್ಣದ ದಾರದ ತುಂಡೊಂದನ್ನು ಕಟ್ಟಿಡುವುದು ಉತ್ತಮ.

ಹೆಸರುಗಳು

ಅಮೆರಿಕದ ರೂಢಿಯಲ್ಲಿ ಸಿಂಗಲ್ ಕ್ರೋಶೆ ಎನ್ನುವ ಹೊಲಿಗೆಯೇ ಬ್ರಿಟಿಷ್ ರೂಢಿಯಲ್ಲಿ ಡಬಲ್ ಕ್ರೋಶೆ; ಅಮೆರಿಕದ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಯಾವ ಮಾದರಿಯನ್ನೇ ಹಿಡಿದರೂ ಅದು ಯಾವ ರೂಢಿಯದೆಂದು ಮೊದಲು ನೋಡಿಕೊಳ್ಳಬೇಕು. ಸಿಂಗಲ್ ಎಂಬ ಪದ ಕಂಡರೆ ಸಾಮಾನ್ಯವಾಗಿ ಅದು ಅಮೆರಿಕದ ಕ್ರಮ. ದೊಡ್ಡಮ್ಮನ ಕಂಬ ಅಮೆರಿಕದವರ ಡಬಲ್ ಎಂಬುದು ತಿಳಿದ ಮೇಲೆಯೇ ಅವರ ಸಲಹೆ ಮತ್ತು ಮೊದಲ ಹೊಲಿಗೆಯಲ್ಲೇ ಹಾಕಲು ಹೇಳಿದ, ನಾನು ನೋಡಿದ ಸಿಂಗಲ್ ಕ್ರೋಶೆಯ ವಿಡಿಯೊ ಒಂದಕ್ಕೊಂದು ವಿರುದ್ಧವಲ್ಲ, ಎರಡು ಬೇರೆ ಹೊಲಿಗೆಗಳ ಮಾತು ಎಂಬುದು ನನಗೆ ಹೊಳೆದದ್ದು.

ಈಗ ಕಂಬಕ್ಕೆ ಕೈ ಹಾಕಿದ್ದೇನೆ. ಇಲ್ಲಿ 20 ಹೊಲಿಗೆಗೆ 22 ಸರಪಳಿ. ಮೊದಲ ಕಂಬ ಕಡ್ಡಿಯಿಂದ ನಾಲ್ಕನೆಯ ಸರಪಳಿಗೆ ಬೀಳುತ್ತದೆ, ಬಿಟ್ಟ ಮೂರು ಸರಪಳಿ ಒಂದು ಕಂಬವಾಗಿ ಎಣಿಕೆಗೆ ಸೇರುತ್ತದೆ. ತಿರುಗಿದ ಮೇಲೆ ದೊಡ್ಡಮ್ಮ ಹೇಳಿದಂತೆ ಮೊದಲನೆಯದನ್ನು ಬಿಡಬೇಕು, ಸಾಲಿನ ಕೊನೆಯ ಕಂಬವನ್ನು ಹಿಂದಿನ ಸಾಲಿನ ಮೂರನೆಯ ಸರಪಳಿಯ ತಲೆಯಲ್ಲಿ ಹಾಕಬೇಕು. ಹಾಗಾಗಿ ನನ್ನ ಪಿನ್ನು ಈಗ ಮೊದಲ ಹೊಲಿಗೆಯಿಂದ ಎದ್ದು ಆ ಮೂರನೆಯ ಸರಪಳಿಗೆ ಹೋಗಿ ಕುಳಿತಿದೆ.