ಹಳಿ ಕಿತ್ತರೂ ನೆಲ ಬಿಡಲಿಲ್ಲ: ಫ್ರಾನ್ಸಿನ ದ್ರಾಕ್ಷಿ ಸೀಮೆಯ ಸೈಕಲ್ ದಾರಿಗಳ ಹಿನ್ನೆಲೆ

ಬರ್ಗಂಡಿ ಪ್ರಾಂತ್ಯದ ಜಿವ್ರಿ ಎಂಬ ಊರಿನಿಂದ ಕ್ಲೂನಿಯವರೆಗೆ 44 ಕಿಲೋಮೀಟರ್ ಸೈಕಲ್ ತುಳಿದರೂ ಒಂದು ಕಾರು ನಿಮ್ಮನ್ನು ಹಿಂದೆ ಹಾಕಿ ಹೋಗುವುದಿಲ್ಲ. ಮೊದಲು ಇಳಿಜಾರಿನ ಮೇಲೆ ದ್ರಾಕ್ಷಿತೋಟಗಳ ಸಾಲು, ಆಮೇಲೆ ಗ್ರೋನ್ ನದಿಯ ಬಯಲು, ಉದ್ದಕ್ಕೂ ಸುಮಾರು ಮೂರು ಮೀಟರ್ ಅಗಲದ ನುಣುಪಾದ ಡಾಂಬರು. 1997ರಲ್ಲಿ ತೆರೆದ ಇದು ಫ್ರಾನ್ಸಿನ ಮೊದಲ ‘ವಾ ವೆರ್ತ್’, ಅಂದರೆ ಹಸಿರು ದಾರಿ. ನೋಡಿದವರಿಗೆ ಇದನ್ನು ಸೈಕಲ್ ಸವಾರರಿಗೆಂದೇ ಕಟ್ಟಿದ್ದಾರೆ ಅನಿಸುತ್ತದೆ. ಆದರೆ ಡಾಂಬರನ್ನು ಬಿಟ್ಟರೆ ಇಲ್ಲಿ ಸೈಕಲ್ಲಿಗೆಂದು ಮಾಡಿದ್ದು ಬಹಳ ಕಡಿಮೆ. ಈ ಏರಿ, ಈ ಕೊರೆದ ಗುಡ್ಡ, ಈ ಸೇತುವೆಗಳೆಲ್ಲ ಹಳೆಯ ರೈಲಿನ ಆಸ್ತಿ. ಇಂಥ ದಾರಿ ಎಲ್ಲಿ ಹುಟ್ಟಿತು, ಎಲ್ಲಿ ಹುಟ್ಟಲಿಲ್ಲ ಎಂಬುದಕ್ಕೆ ಉತ್ತರ ಸೈಕಲ್ ಪ್ರೇಮದಲ್ಲಿ ಸಿಗುವುದಿಲ್ಲ. ರೈಲು ನಿಂತ ಮೇಲೆ ಆ ನೆಲದ ಪಟ್ಟಿ ಯಾರ ಕೈಯಲ್ಲಿ ಉಳಿಯಿತು ಎಂಬುದರಲ್ಲಿ ಸಿಗುತ್ತದೆ.

ಕಥೆ ದೋಣಿಯಿಂದ ಶುರುವಾಗುತ್ತದೆ. ಹದಿನಾಲ್ಕನೇ ಲೂಯಿಯ ಮಂತ್ರಿ ಕೊಲ್ಬೇರನ ಕಾಲದಲ್ಲಿ, 1669ರಲ್ಲಿ ಹೊರಟ ರಾಜಾಜ್ಞೆಯೊಂದು ದೋಣಿ ಸಾಗುವ ನದಿಗಳ ದಂಡೆಯಲ್ಲಿ 24 ಅಡಿ ಅಗಲದ ಜಾಗವನ್ನು ಖಾಲಿ ಬಿಡಬೇಕೆಂದು ಜಮೀನಿನ ಒಡೆಯರಿಗೆ ತಾಕೀತು ಮಾಡಿತು. ಸರಕು ತುಂಬಿದ ದೋಣಿಗೆ ಹಗ್ಗ ಕಟ್ಟಿ ಕುದುರೆಗಳು ದಂಡೆಯ ಮೇಲೆ ಎಳೆದುಕೊಂಡು ಹೋಗುತ್ತಿದ್ದ ಕಾಲವದು. ನಡುವೆ ಬೇಲಿ ಬಂದರೆ ವ್ಯಾಪಾರವೇ ನಿಲ್ಲುತ್ತಿತ್ತು. ಮುಂದೆ ಕಾಲುವೆಗಳು ಬಂದವು, ಅವುಗಳ ಪಕ್ಕದಲ್ಲೂ ಅಂಥದೇ ದಾರಿ ಬಂತು. ನೈಋತ್ಯ ಫ್ರಾನ್ಸಿನ ಗಾರೋನ್ ನದಿಗೆ ಸಮಾನಾಂತರವಾಗಿ 193 ಕಿಲೋಮೀಟರ್ ಉದ್ದದ ಕಾಲುವೆ 1856ರಲ್ಲಿ ಪೂರ್ಣಗೊಂಡಿತು. ಮರುವರ್ಷವೇ ಅದೇ ಕಣಿವೆಯಲ್ಲಿ ರೈಲು ಓಡಿತು. ಸಾಲದ್ದಕ್ಕೆ ಕಾಲುವೆಯ ಗುತ್ತಿಗೆಯೂ ಆ ರೈಲು ಕಂಪನಿಯ ಪಾಲಾಯಿತು. ತನ್ನ ಪ್ರತಿಸ್ಪರ್ಧಿಯನ್ನು ತಾನೇ ನಡೆಸುವ ಕಂಪನಿ ದೋಣಿ ವ್ಯಾಪಾರಕ್ಕೆ ಎಷ್ಟು ಕಾಳಜಿ ತೋರಿಸೀತು? ಇಂದು ಆ ಕಾಲುವೆಯ ದಂಡೆ ಫ್ರಾನ್ಸಿನ ಹೆಸರಾಂತ ಸೈಕಲ್ ದಾರಿಗಳಲ್ಲೊಂದು.

ರೈಲಿನ ಸರದಿ 1879ರಲ್ಲಿ ಉತ್ತುಂಗಕ್ಕೇರಿತು. ಲೋಕೋಪಯೋಗಿ ಸಚಿವ ಶಾರ್ಲ್ ದ ಫ್ರೆಸಿನೆ ಆ ವರ್ಷ ಒಂದೇ ಕಾನೂನಿನಲ್ಲಿ 181 ಹೊಸ ಮಾರ್ಗಗಳನ್ನು ಪಟ್ಟಿ ಮಾಡಿಸಿದ. ಸಣ್ಣ ಸಣ್ಣ ಊರಿಗೂ ರೈಲು ಮುಟ್ಟಬೇಕೆಂಬುದು ಅವನ ಹಟ. ವೈನ್ ಪೀಪಾಯಿ, ಕಲ್ಲು, ಜಾನುವಾರು, ಸಂತೆಗೆ ಹೋಗುವ ಜನ, ಎಲ್ಲವನ್ನೂ ಹೊತ್ತು ಕಣಿವೆ ಕಣಿವೆಗಳಲ್ಲಿ ಉಗಿಬಂಡಿಗಳು ಓಡಾಡಿದವು.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಸಂಗತಿಯೊಂದಿದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರಕ್ಕೆ ಹಿಡಿತ ಕಡಿಮೆ. ಏರು ಸ್ವಲ್ಪ ಕಡಿದಾದರೂ ಉಗಿಬಂಡಿ ಜಾರುತ್ತದೆ. ಆದ್ದರಿಂದ ಎಂಜಿನಿಯರುಗಳು ತಗ್ಗಿಗೆ ಮಣ್ಣು ತುಂಬಿ, ದಿಣ್ಣೆಯನ್ನು ಕಡಿದು, ನೂರು ಮೀಟರಿಗೆ ಎರಡು ಮೂರು ಮೀಟರಿಗಿಂತ ಹೆಚ್ಚು ಏರದಂತೆ ಜಾಡು ಎಳೆದರು. ದ್ರಾಕ್ಷಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ನೀರು ಬಸಿದು ಹೋಗುವ, ಬಿಸಿಲಿಗೆ ಮುಖ ಮಾಡಿದ ಇಳಿಜಾರು. ಹೀಗಾಗಿ ಮೇಲೆ ತೋಟ, ಕೆಳಗೆ ಹೊಲ ಮತ್ತು ನದಿ, ಎರಡರ ಅಂಚಿನಲ್ಲಿ ಹಳಿ. ಇಂದಿನ ಸವಾರ ಉಸಿರುಗಟ್ಟದೆ ತೋಟವನ್ನೂ ಹೊಳೆಯನ್ನೂ ಒಟ್ಟಿಗೆ ನೋಡುತ್ತಾ ಹೋಗುವುದಕ್ಕೆ ಕಾರಣ ಯಾವ ಪ್ರವಾಸೋದ್ಯಮ ಇಲಾಖೆಯೂ ಅಲ್ಲ, ಉಗಿಬಂಡಿಯ ಆ ದೌರ್ಬಲ್ಯ.

ಬಸ್ಸು, ಲಾರಿಗಳು ಬಂದ ಮೇಲೆ ಸಣ್ಣ ಮಾರ್ಗಗಳು ಸೊರಗಿದವು. 1938ರಲ್ಲಿ ದೊಡ್ಡ ರೈಲು ಕಂಪನಿಗಳು ಸೇರಿ ಎಸ್‌ಎನ್‌ಸಿಎಫ್ ಎಂಬ ರಾಷ್ಟ್ರೀಯ ಸಂಸ್ಥೆಯಾದ ಮೇಲೆ ಕತ್ತರಿ ಇನ್ನೂ ಜೋರಾಗಿ ಆಡಿತು. ಸಾಮಾನ್ಯವಾಗಿ ಮೊದಲು ಪ್ರಯಾಣಿಕರ ರೈಲು ನಿಲ್ಲುತ್ತಿತ್ತು, ಕೆಲವು ವರ್ಷ ಗೂಡ್ಸ್ ಮಾತ್ರ ಓಡುತ್ತಿತ್ತು, ಕೊನೆಗೆ ಹಳಿಯನ್ನೂ ಕಿತ್ತು ಒಯ್ಯುತ್ತಿದ್ದರು. ಉಳಿಯುತ್ತಿದ್ದುದು ಜಲ್ಲಿ ಹಾಸಿದ, ಮುಳ್ಳುಪೊದೆ ಬೆಳೆದ ಉದ್ದನೆಯ ಪಟ್ಟಿ.

ಆ ಪಟ್ಟಿಯ ಬೆಲೆ ಅರ್ಥವಾಗಬೇಕಾದರೆ ಅದು ಹೇಗೆ ಕೂಡಿಬಂತು ಎಂದು ನೆನೆಯಬೇಕು. ಒಂದೊಂದು ಮಾರ್ಗಕ್ಕೂ ನೂರಾರು ರೈತರ ತುಂಡು ಜಮೀನನ್ನು 19ನೇ ಶತಮಾನದ ಸರ್ಕಾರ ಭೂಸ್ವಾಧೀನದ ಅಧಿಕಾರ ಬಳಸಿ ಪಡೆದಿತ್ತು. ಇಂದು ಬೆಲೆಬಾಳುವ ದ್ರಾಕ್ಷಿ ಸೀಮೆಯಲ್ಲಿ ಸೈಕಲ್ ದಾರಿಗೆಂದು ಅಷ್ಟು ನೆಲ ಕೇಳಿದರೆ ಯಾರೂ ಕೊಡಲಾರರು, ಯಾವ ಸ್ಥಳೀಯ ಸಂಸ್ಥೆಯೂ ಕೊಳ್ಳಲಾರದು. ನಲವತ್ತು ಕಿಲೋಮೀಟರಿನ ಪಟ್ಟಿಯಲ್ಲಿ ಎರಡು ಕಡೆ ನೂರು ನೂರು ಮೀಟರ್ ಮಾರಿಬಿಟ್ಟರೆ ಸಾಕು, ಅಲ್ಲಿ ಸವಾರ ಹೆದ್ದಾರಿಗೆ ಇಳಿಯಲೇಬೇಕು. ಮಕ್ಕಳನ್ನು ಕರೆತಂದ ತಾಯಿ ಅಲ್ಲಿಂದಲೇ ಹಿಂದಿರುಗುತ್ತಾಳೆ. ಫ್ರಾನ್ಸಿನಲ್ಲಿ ಹೀಗೆ ತುಂಡಾಗಿ ಹೋದ ಹಳೆಯ ಮಾರ್ಗಗಳು ಬೇಕಾದಷ್ಟಿವೆ. ಎಲ್ಲೋ ಒಂದು ಕಡೆ ಮನೆಯ ಹಿತ್ತಲು, ಇನ್ನೊಂದು ಕಡೆ ಗೋದಾಮು. ಬರ್ಗಂಡಿಯ ಸೋನ್-ಎ-ಲ್ವಾರ್ ಜಿಲ್ಲಾಡಳಿತ ಮಾಡಿದ ದೊಡ್ಡ ಕೆಲಸವೆಂದರೆ ಪಟ್ಟಿಯನ್ನು ಇಡಿಯಾಗಿ ಉಳಿಸಿಕೊಂಡದ್ದು. ಡಾಂಬರು ಹಾಕುವುದು ಅದರ ಮುಂದೆ ಸಣ್ಣ ಕೆಲಸ.

ಕ್ಲೂನಿಯಿಂದ ಮಾಕೋಂ ಕಡೆಗೆ ದಾರಿಯನ್ನು ಮುಂದುವರಿಸುವಾಗ ತೊಡಕು ಎದುರಾಯಿತು. 1981ರಲ್ಲಿ ಪ್ಯಾರಿಸ್–ಲಿಯೋಂ ನಡುವಿನ ವೇಗದ ಟಿಜಿವಿ ರೈಲು ಅದೇ ಕಿರಿದಾದ ಕಣಿವೆಯನ್ನು ಹಿಡಿದಿತ್ತು. ಹಳೆಯ ಜಾಡು ಕೆಲವೆಡೆ ಅದರ ಪಾಲಾಗಿತ್ತು. ಗುಡ್ಡದ ಕೆಳಗಿನ 1.6 ಕಿಲೋಮೀಟರ್ ಉದ್ದದ ಬ್ವಾ ಕ್ಲೇರ್ ಸುರಂಗ ಮಾತ್ರ ಉಳಿದಿತ್ತು. ಅದನ್ನು ದುರಸ್ತಿ ಮಾಡಿ, ದೀಪ ಹಾಕಿ ಸೈಕಲ್ಲಿಗೆ ತೆರೆದರು. ಅಷ್ಟರೊಳಗೆ ಬಾವಲಿಗಳು ಅದನ್ನು ತಮ್ಮದಾಗಿಸಿಕೊಂಡಿದ್ದವು. ಚಳಿಗಾಲದಲ್ಲಿ ಅವು ಅಲ್ಲಿ ನಿದ್ರಿಸುವ ಕಾರಣ ಆ ತಿಂಗಳುಗಳಲ್ಲಿ ಸುರಂಗ ಮುಚ್ಚಿರುತ್ತದೆ, ಸವಾರರು ಗುಡ್ಡ ಹತ್ತಿ ಇಳಿಯಬೇಕು. ಇದು ನನಗೆ ಸರಿಯಾದ ಹಂಚಿಕೆಯಾಗಿಯೇ ಕಾಣುತ್ತದೆ.

ಬೋರ್ಡೋ ನಗರದ ಪೂರ್ವಕ್ಕೆ, ಗಾರೋನ್ ಮತ್ತು ಡೋರ್ಡೋನ್ ನದಿಗಳ ನಡುವಿನ ‘ಆಂತ್ರ್-ದೂ-ಮೇರ್’ ಸೀಮೆಯಲ್ಲೂ ಇಂಥದೇ ದಾರಿಯಿದೆ. ಲಾತ್ರೆನ್ ಊರಿನಿಂದ ಸೋವ್‌ತೇರ್-ದ-ಗುಯೆನ್‌ವರೆಗೆ ಸಾಗುವ ಅದಕ್ಕೆ ರೋಜೆ ಲಾಪೆಬಿಯ ಹೆಸರು. 1937ರ ಟೂರ್ ದ ಫ್ರಾನ್ಸ್ ಗೆದ್ದವನು ಇವನೇ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಗೇರನ್ನು ಆ ಸ್ಪರ್ಧೆಯಲ್ಲಿ ಬಳಸಲು ಒಪ್ಪಿದ್ದೂ ಅದೇ ವರ್ಷ. ಅದಕ್ಕೆ ಮುಂಚೆ ಏರು ಬಂದರೆ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ ತಿರುಗಿಸಿ ಹಾಕಿಕೊಳ್ಳಬೇಕಿತ್ತು. ಈ ದಾರಿಯಲ್ಲಿರುವ ಕ್ರೆಯೋಂನ ಹಳೆಯ ರೈಲು ನಿಲ್ದಾಣದಲ್ಲಿ ಈಗ ಸೈಕಲ್ ಬಾಡಿಗೆಗೆ ಸಿಗುತ್ತದೆ.

ರಸ್ತೆ ಸೈಕಲ್ಲಿನ ತೆಳು ಟಯರಿಗೆ ಎಲ್ಲ ಹಸಿರು ದಾರಿಯೂ ಒಗ್ಗುವುದಿಲ್ಲ. ಮಳೆನೀರು ಇಂಗಬೇಕು ಎನ್ನುವವರು, ನಡೆಯುವವರು, ಕುದುರೆ ಸವಾರರು ಅದುಮಿದ ಮಣ್ಣು-ಜಲ್ಲಿಯೇ ಇರಲಿ ಎನ್ನುತ್ತಾರೆ. ವೇಗವಾಗಿ ಹೋಗುವವರು, ಗಾಲಿಕುರ್ಚಿಯವರು ಡಾಂಬರು ಕೇಳುತ್ತಾರೆ. ಡಾಂಬರು ಹಾಕಿದ ಕಡೆಯೂ ಬದಿಯ ಮರಗಳ ಬೇರು ಕೆಲವೇ ವರ್ಷಗಳಲ್ಲಿ ಅದನ್ನು ಎತ್ತಿ ಸೀಳುತ್ತದೆ. ಹಳ್ಳಿ ರಸ್ತೆ ಅಡ್ಡ ಬಂದಲ್ಲೆಲ್ಲ ಮೋಟಾರು ವಾಹನ ನುಗ್ಗದಂತೆ ಕಂಬ ಅಥವಾ ಅಡ್ಡಗಂಬಿ. ಒಂದು ಕಾಲದಲ್ಲಿ ರೈಲು ಬಂದರೆ ರಸ್ತೆ ಕಾಯುತ್ತಿತ್ತು, ಗೇಟಿನವನ ಪುಟ್ಟ ಮನೆ ಈಗಲೂ ಪಕ್ಕದಲ್ಲೇ ಇರುತ್ತದೆ. ಈಗ ಸಾಮಾನ್ಯವಾಗಿ ಕಾಯುವವನು ಸೈಕಲ್ ಸವಾರ.

ಸರ್ಕಾರದ ಕಾನೂನು ದಾರಿಗಳ ಹಿಂದೆ ಓಡಿ ಬಂತು. ದೇಶವ್ಯಾಪಿ ಸೈಕಲ್ ಮಾರ್ಗಗಳ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಮೋಟಾರಿಲ್ಲದ ವಾಹನ, ಪಾದಚಾರಿ, ಕುದುರೆ ಸವಾರರಿಗೆ ಮೀಸಲಾದ ದಾರಿ ಎಂದು ಸಂಚಾರ ನಿಯಮಾವಳಿಯಲ್ಲಿ ‘ವಾ ವೆರ್ತ್’ ಸೇರಿದ್ದು 2004ರಲ್ಲಿ.

ರೈಲು ಪಟ್ಟಿಯೇ ಸಿಗದಿದ್ದ ಕಡೆ ಬೇರೆ ಉಪಾಯ ಹೂಡಿದರು. ಬೋನ್ ನಗರದಿಂದ ಪೊಮ್ಮಾರ್, ವೋಲ್ನೆ, ಮೆರ್ಸೋ ಮೂಲಕ ಸಾಂತ್ನೆಗೆ ಹೋಗುವ ‘ದ್ರಾಕ್ಷಿತೋಟಗಳ ದಾರಿ’ ಸುಮಾರು 22 ಕಿಲೋಮೀಟರ್. 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಇಳಿಜಾರಿನಲ್ಲಿ ಕೆಲವು ತೋಟಗಳ ಬೆಲೆ ಹೆಕ್ಟೇರಿಗೆ ಹಲವು ದಶಲಕ್ಷ ಯೂರೊ. ಹಾಗಾಗಿ ತೋಟದ ಕೆಲಸದ ದಾರಿಗಳನ್ನೇ ಸೈಕಲ್ಲಿಗೂ ತೆರೆದರು. ಇಲ್ಲಿ ಟ್ರ್ಯಾಕ್ಟರುಗಳಿರುತ್ತವೆ, ಸಾಲುಗಳ ಮೇಲೆ ಕಾಲಗಲಿಸಿ ನಿಂತಂತೆ ಚಲಿಸುವ ಎತ್ತರದ ಯಂತ್ರಗಳು, ಕೊಯ್ಲಿನ ದಿನಗಳಲ್ಲಿ ದ್ರಾಕ್ಷಿ ತುಂಬಿದ ಟ್ರೇಲರುಗಳು. ದಾರಿ ಬಿಡಬೇಕಾದವರು ನಾವು, ಏಕೆಂದರೆ ದಾರಿ ತೋಟದವರದು.

ದ್ರಾಕ್ಷಿ ಎಲೆಗಳ ಮೇಲಿನ ನೀಲಿ ಲೇಪ ಮಲೆನಾಡಿನವರಿಗೆ ಗುರುತು ಸಿಕ್ಕೀತು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹುಟ್ಟಿದ್ದು ಇಂಥ ದಾರಿಬದಿಯಲ್ಲೇ. ದಾರಿಹೋಕರು ಹಣ್ಣು ಕದಿಯದಿರಲೆಂದು ಬೋರ್ಡೋ ಸೀಮೆಯ ರೈತರು ಅಂಚಿನ ಬಳ್ಳಿಗಳಿಗೆ ಅದನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲದ್ದನ್ನು ವಿಜ್ಞಾನಿ ಮಿಲಾರ್ದೆ ಗಮನಿಸಿ 1885ರಲ್ಲಿ ಪ್ರಕಟಿಸಿದ. ಕೆಲವೇ ದಶಕಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು.

ಈಗ ಹೊಸ ಪ್ರಶ್ನೆಯೊಂದು ಎದ್ದಿದೆ. ಹವಾಮಾನದ ಕಾಳಜಿಯಿಂದ ಹಳ್ಳಿಯ ರೈಲನ್ನು ಮತ್ತೆ ಓಡಿಸಿ ಎಂಬ ಬೇಡಿಕೆ ಫ್ರಾನ್ಸಿನ ಹಲವೆಡೆ ಕೇಳುತ್ತಿದೆ. ಡಾಂಬರು ಹಾಕಿದರೆ ರೈಲಿನ ಆಸೆ ಮುಗಿಯಿತು ಎಂದು ರೈಲು ಪರರು ಹಸಿರು ದಾರಿಯನ್ನು ವಿರೋಧಿಸುವುದೂ ಇದೆ. ಅಮೆರಿಕ 1983ರಲ್ಲೇ ಇದಕ್ಕೊಂದು ಕಾನೂನು ಮಾಡಿತು: ಮುಂದೆಂದಾದರೂ ರೈಲು ಬೇಕಾದರೆ ಹಿಂದಿರುಗಿಸುವ ಕರಾರಿನ ಮೇಲೆ ಪಟ್ಟಿಯನ್ನು ದಾರಿಯಾಗಿ ಬಳಸಬಹುದು, ಅಲ್ಲಿಯವರೆಗೆ ಅದು ತುಂಡಾಗುವುದಿಲ್ಲ. ಸೈಕಲ್ ಸವಾರರ ಪರವಾಗಿ ಬರೆಯುತ್ತಲೇ ನಾನು ಈ ಕರಾರನ್ನು ಒಪ್ಪುತ್ತೇನೆ. ಪ್ರಯಾಣಿಕರ ರೈಲು ನಿಜಕ್ಕೂ ಮರಳುವುದಾದರೆ ಡಾಂಬರು ಕೀಳಲಿ, ಪಕ್ಕದಲ್ಲಿ ಜಾಗ ಉಳಿದರೆ ಸೈಕಲ್ಲಿಗೂ ಕೊಡಲಿ. ಪೊದೆ ಬೆಳೆದ ಪಟ್ಟಿಯನ್ನು ಹರಾಜಿಗಿಡುವ ಕಡತಕ್ಕೆ ಮಾತ್ರ ಯಾವ ಜಿಲ್ಲೆಯೂ ಸಹಿ ಹಾಕಬಾರದು.